ನನ್ನನ್ನು ಕರೆಯದ ಮನೆಗಳು

ಕುಣಿಗಲ್
೧೨-೧೧-೧೯೫೮

ಮೇಲಧಿಕಾರಿಗಳಾದ ಅನಂತರಾಮಯ್ಯನವರಲ್ಲಿ ಮಿಡ್‌ವೈಫ್ ಕೌಸಲ್ಯಮ್ಮನ ವಿಜ್ಞಾಪನೆ.

ಇಲ್ಲಿಗೆ ಬಂದ ಈ ನಾಲ್ಕು ವರ್ಷಗಳಲ್ಲಿ ನಾನು ಹೆರಿಗೆ ಮಾಡಿಸಿದ ಎಂಬತ್ತು ಕೂಸುಗಳ ಪೈಕಿ ಎಂಟು ಕೂಸುಗಳು ಹುಟ್ಟಿದ ತಿಂಗಳೊಳಗೆ ತೀರಿಕೊಂಡದ್ದು ನಿಜ. ನೂರಕ್ಕೆ ಐದು ಮೀರಬಾರದೆಂಬ ಅಂಕಿಯೊಂದಕ್ಕೇ ಹೋಲಿಸಿ, ನನ್ನನ್ನು ಇಲ್ಲಿಂದ ವರ್ಗ ಮಾಡುವುದಾಗಿ ಬರೆದಿದ್ದೀರಿ. ಆ ಐದು ಪಟ್ಟಣದ ಆಸ್ಪತ್ರೆಯ ಅಂಕಿ. ನನ್ನ ಕೆಲಸವನ್ನು ತೂಗಬೇಕಾದರೆ, ಇದೇ ಹಳ್ಳಿಗಳಲ್ಲಿ ನನ್ನನ್ನು ಕರೆಯದ ಮನೆಗಳನ್ನೂ ಎಣಿಸಿ, ಎರಡು ಪಾಲುಗಳನ್ನು ಎದುರುಬದುರು ಇಡಬೇಕು.

ಹೆರಿಗೆಯ ಹೊತ್ತು ಬಿಟ್ಟರೆ ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲವಾದ್ದರಿಂದ ಬಿಡುವಿತ್ತು. ನಾನೇ ನಡೆದು ಹೋಗಿ ಎಣಿಸಿದೆ. ಅದೇ ಅವಧಿಯಲ್ಲಿ ಆ ಮನೆಗಳಲ್ಲಿ ಹುಟ್ಟಿದ ಎಪ್ಪತ್ತೈದು ಕೂಸುಗಳಲ್ಲಿ ಹದಿನೇಳು ಒಂದು ತಿಂಗಳೂ ಉಳಿದಿಲ್ಲ. ಇಷ್ಟು ಅಂತರ ಬರೀ ಅದೃಷ್ಟದಿಂದ ಬರುವುದೋ ಇಲ್ಲವೋ ಎಂದು ಲೆಕ್ಕ ಬಲ್ಲವರಿಂದ ನೋಡಿಸಬೇಕು. ಪಟ್ಟಿ ಲಗತ್ತಿಸಿದ್ದೇನೆ.

ಹದಿನೇಳನೆಯದು ಹನುಮಮ್ಮನ ಕೂಸು. ಎರಡು ದಿನ ಬದುಕಿತ್ತು. ಬರೆದುಕೊಳ್ಳುತ್ತಿದ್ದಾಗ ಆಕೆ, “ಇದ್ನೂ ಬರ್ಕೊತೀರಾ ಅಮ್ಮಾ? ಹೆಸ್ರೇ ಇಟ್ಟಿರ್ಲಿಲ್ವಲ್ಲ” ಎಂದಳು. ‘ಹನುಮಮ್ಮನ ಮಗಳು’ ಎಂದು ಬರೆದು ತೋರಿಸಿದೆ. ಆಕೆಗೆ ಓದು ಬಾರದು. ಆದರೂ ಬಹಳ ಹೊತ್ತು ನೋಡಿದಳು. ಆಮೇಲೆ ಮಣೆ ಹಾಕಿ ಮಜ್ಜಿಗೆ ಕೊಟ್ಟಳು. ನಾಲ್ಕು ವರ್ಷದಲ್ಲಿ ಕೆಲಸವಿಲ್ಲದೆಯೂ ನನ್ನನ್ನು ಕೂರಿಸಿದ ಮೊದಲ ಮನೆ ಅದು.

ಆಕೆ ಮತ್ತೆ ಬಸುರಿ. “ಈ ಸಲ ನೀವೇ ಬರ್ಬೇಕು ಕಣಮ್ಮ” ಎಂದಿದ್ದಾಳೆ. ಒಪ್ಪಿದ್ದೇನೆ. ಸಂಕ್ರಾಂತಿಯ ಆಸುಪಾಸಿಗೆ ದಿನ ತುಂಬುತ್ತದೆ.

ಲೆಕ್ಕ ಏನೇ ಹೇಳಲಿ, ಅಲ್ಲಿಯವರೆಗೆ ನನ್ನನ್ನು ವರ್ಗ ಮಾಡಬೇಡಿ.

ತಮ್ಮ ವಿಧೇಯಳು,
ಕೌಸಲ್ಯಮ್ಮ