ಮೀಸೆ ಬಾರದ ಸವಾರ

ಕ್ಯಾಂಟರ್ಬರಿ,
ಸಂತ ಮೈಕೇಲನ ಹಬ್ಬದ ಮರುದಿನ

ಪ್ರೀತಿಯ ಮಗ ಲೆವಿನ್‌ಗೆ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ನೀನು ಸಮುದ್ರದಾಚೆ ಬ್ರೂಜಿನಲ್ಲಿ ನೇಕಾರರ ಮನೆಯಲ್ಲಿದ್ದೀಯೆಂದು ಉಣ್ಣೆ ವ್ಯಾಪಾರಿ ಹೇಳಿದಂದಿನಿಂದ ನನಗೆ ಹಸಿವೂ ಆಗುತ್ತಿದೆ, ನಿದ್ದೆಯೂ ಬರುತ್ತಿದೆ. ನನಗೆ ಅಕ್ಷರ ಬಾರದಲ್ಲ, ಸನ್ಯಾಸಿನಿ ಮಿಲ್ಡ್ರೆಡ್ ಕೈಯಲ್ಲಿ ಬರೆಸುತ್ತಿದ್ದೇನೆ. ನಿನ್ನ ಅಪ್ಪನ ಕೈ ಈಗಲೂ ಮೊಣಕೈವರೆಗೆ ನೀಲಿ. ಬಣ್ಣದ ಹಂಡೆ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ನಿನ್ನ ಹೆಸರು ಮಾತ್ರ ಇಷ್ಟು ವರ್ಷವೂ ಅವರ ಬಾಯಿಂದ ಬಂದಿಲ್ಲ. "ರಣದಿಂದ ಓಡಿದವನಿಗೆ ಈ ಮನೇಲಿ ರೊಟ್ಟಿ ಇಲ್ಲ" ಅಂದದ್ದೇ ಕೊನೆ.

ನಾವು ಹೆಂಗಸರು ಈಗ ನೀನು ಹೋಗಿದ್ದ ಆ ಹೇಸ್ಟಿಂಗ್ಸ್ ಯುದ್ಧವನ್ನೇ ನಾರುಬಟ್ಟೆಯ ಮೇಲೆ ಕಸೂತಿ ಹಾಕುತ್ತಿದ್ದೇವೆ. ಮಾಡಿಸುತ್ತಿರುವವರು ಗೆದ್ದ ನಾರ್ಮನ್ನರು. ಗಾಯದ ಮೇಲೆ ಉಪ್ಪು ಸುರಿದ ಹಾಗೆ, ಸೋತವರ ಕೈಯಲ್ಲೇ ಸೋಲನ್ನು ಹೊಲಿಸುತ್ತಿದ್ದಾರೆ! ಆದರೂ ಸೂಜಿ ಹಿಡಿದ ಮೇಲೆ ಕೆಲಸ ಕೆಡಿಸಲು ಮನಸ್ಸು ಬಾರದು. ನಕ್ಷೆ ಬರೆಯುವ ನಾರ್ಮನ್ ಮೇಸ್ತ್ರಿಯ ಕಟ್ಟಪ್ಪಣೆ ಒಂದೇ: ಮೀಸೆಯಿದ್ದವರು ನಮ್ಮವರು, ಬೋಳು ಮುಖದವರು ಅವರವರು. ನಮ್ಮವರು ಓಡಿಹೋಗುವ ಭಾಗ ನನ್ನ ಪಾಲಿಗೆ ಬಂತು. ಉಳಿದವರು ಅಯ್ಯೋ ಪಾಪ ಎಂದರು. ನಾನೋ ಖುಷಿಯಿಂದ ಹೊಲಿದೆ ಕಣೋ. ನೀನು ಯಾರದೋ ಕುದುರೆ ಹತ್ತಿ ತಪ್ಪಿಸಿಕೊಂಡೆಯಂತಲ್ಲ, ಆ ಕುದುರೆಗೆ ಹಸಿರು ಉಣ್ಣೆಯಲ್ಲಿ ಗಟ್ಟಿ ಕಾಲು ಕೊಟ್ಟೆ. ಓಡು ಮಗನೇ, ಓಡು ಎನ್ನುತ್ತಲೇ ಸೂಜಿ ಎಳೆದೆ.

ಮೊನ್ನೆ ಮೇಸ್ತ್ರಿ ನೋಡಿ ಹೌಹಾರಿದ. "ಏನಮ್ಮಾ ಇದು, ಈ ಸವಾರನ ಮೀಸೆ ಎಲ್ಲಿ? ನಮ್ಮವನೇ ಓಡ್ತಿರೋ ಹಾಗಿದೆ! ನಮ್ಮವರು ಓಡ್ತಾರಾ?" ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಿನ್ನ ಮುಖ ನೆನೆಯುತ್ತಾ ಹೊಲಿದವಳಿಗೆ ಮೀಸೆಯ ಯೋಚನೆಯೇ ಬಂದಿರಲಿಲ್ಲ. "ನನ್ನ ಮಗನಿಗೆ ಆಗಿನ್ನೂ ಮೀಸೆ ಬಂದಿರಲಿಲ್ಲ ಸ್ವಾಮಿ" ಎಂದುಬಿಟ್ಟೆ. ದಾರದ ಕಟ್ಟು ತಂದಿದ್ದ ನಿನ್ನ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹತ್ತಿರ ಬಂದು ಆ ಬೋಳು ಮುಖವನ್ನು ಬಗ್ಗಿ ನೋಡಿದರು. ದಾರದ ಕಟ್ಟನ್ನು ಅಲ್ಲೇ ಇಟ್ಟು ಹೊರಟುಹೋದರು. ಮೀಸೆ ಹೊಲಿಯಲೇಬೇಕಾಯಿತು, ಚಿಕ್ಕದೊಂದು ಹೊಲಿದೆ.

ತಣ್ಣೀರಿನಲ್ಲಿ ಹೆಚ್ಚು ಹೊತ್ತು ಕೈಯಿಡಬೇಡ. ನಿನಗೆ ಅನ್ನ ಹಾಕುವ ಆ ಮನೆಯವರನ್ನು ದೇವರು ತಣ್ಣಗಿಟ್ಟಿರಲಿ, ನಿನ್ನನ್ನೂ.

ನಿನ್ನ ಅಮ್ಮ,
ಗೋಲ್ಡಿವಾ

ತಡೆ, ಇನ್ನೊಂದು ಮಾತು. ವ್ಯಾಪಾರಿ ಗಾಡಿ ಕಟ್ಟುತ್ತಿದ್ದಾನೆ, ಆದರೆ ನಿನ್ನ ಅಪ್ಪ ಓಡೋಡಿ ಬಂದು ಮಿಲ್ಡ್ರೆಡ್‌ಳ ಹಿಂದೆ ನಿಂತಿದ್ದಾರೆ. "ಬಾ ಅಂತ ಬರ್ಸಿದ್ಯೇನೇ?" ಎಂದು ಕೇಳಿದರು. ನೀವೇ ಬರೆಸಿ ಎಂದೆ. ಇದು ಅವರ ಮಾತು: "ಲೆವಿನ್, ನಿನ್ನ ಕೈಗೆ ಈಟಿ ಕೊಟ್ಟು ಕಳಿಸಿದವನು ನಾನು. ಊರವರು ಏನಾದ್ರೂ ಅಂದ್ಕೊಳ್ಳಲಿ. ಅವತ್ತು ನೀನು ಓಡದೇ ಇದ್ದಿದ್ರೆ, ಇವತ್ತು ನಾನು ಯಾರನ್ನ ಕರೀಲಿ? ಬಾ ಮಗಾ."