ಹೊಲದ ನಡುವೆ ಕತ್ತಾಳೆ

ಜೂನ್ 14, ಶನಿವಾರ. ದಿಬ್ಬೂರಹಳ್ಳಿ.

ಮೋಹನ್‌ಬಾಬು ಯಾಕೆ ನಕ್ಕ? ಬೆಳಗ್ಗೆಯಿಂದ ಅದೇ ಕೊರೆಯುತ್ತಿದೆ.

ಚಿಕ್ಕಪ್ಪನ ಮಗ ಅವನು. ಉಳುವಾಗೆಲ್ಲ ನಮ್ಮಿಬ್ಬರ ಹೊಲಗಳ ನಡುವಿನ ಬದುವನ್ನು ಕೆರೆದು ನಮ್ಮ ಕಡೆಗೆ ತಳ್ಳುತ್ತಿದ್ದಾನೆ ಎಂಬ ಅನುಮಾನದಿಂದ ನಾನೇ ಸರ್ವೆಗೆ ಅರ್ಜಿ ಹಾಕಿದ್ದೆ. ಸೋಮವಾರ ಅಳೆಯಲು ಬರುತ್ತಾರೆ ಎಂದೆ.

"ಬರ್ಲಿ ಬಿಡಕ್ಕ, ಒಳ್ಳೇದೇ ಆಯ್ತು. ಎಳನೀರು ನಾನೇ ಕೆಡವ್ತೀನಿ" ಎಂದ. ತಪ್ಪು ಮಾಡಿದವನು ಹೀಗೆ ನಗುತ್ತಾನೆಯೇ? ಇಲ್ಲ, ಸರ್ವೇಯರನ್ನು ಆಗಲೇ ಬುಟ್ಟಿಗೆ ಹಾಕಿಕೊಂಡಿದ್ದಾನೆಯೇ?

ಸಂಜೆ ಒಬ್ಬಳೇ ಹೊಲಕ್ಕೆ ಹೋದೆ. ರಾಗಿಗೆಂದು ಉತ್ತಿದ್ದ ನಮ್ಮ ನೆಲದಲ್ಲಿ, ಬದುವಿನಿಂದ ಗಾಡಿಯಗಲದಷ್ಟು ಒಳಗೆ, ಮಳೆಗೆ ಕತ್ತಾಳೆ ಮರಿಗಳು ಎದ್ದಿವೆ. ಅಲ್ಲೊಂದು ಇಲ್ಲೊಂದಲ್ಲ, ಈ ತುದಿಯಿಂದ ಆ ತುದಿಗೆ ನೇರ ಸಾಲು. ಇಲ್ಲಿ ಕತ್ತಾಳೆಯನ್ನು ಬದುವಿನ ಮೇಲೆ ನೆಡುತ್ತಾರೆಯೇ ಹೊರತು ಹೊಲದ ನಡುವೆ ಯಾರೂ ನೆಡುವುದಿಲ್ಲ. ಗಿಡ ಕಿತ್ತರೂ ಬೇರು ಮಣ್ಣಿನಲ್ಲೇ ಉಳಿಯುತ್ತದೆ.

ಹಾಗಾದರೆ ಹಳೆಯ ಬದು ಅಲ್ಲಿತ್ತು. ಈಗಿನದನ್ನು ಹಾಕಿಸಿದವರು ಅಪ್ಪ. ಚಿಕ್ಕಪ್ಪ ಊರು ಬಿಟ್ಟು ಚಿಂತಾಮಣಿಯಲ್ಲಿದ್ದ ವರ್ಷ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಆ ವರ್ಷವೇ ಯಾಕೆ ಎಂದು ನಾನು ಕೇಳಲಿಲ್ಲ.

ತೀರಿಕೊಂಡ ಅಪ್ಪನನ್ನು ಹೀಗೆ ಅನುಮಾನಿಸುವುದು ನ್ಯಾಯವೇ? ಮೋಹನನ ವಿಷಯದಲ್ಲಿ ಈ ಪ್ರಶ್ನೆ ನನಗೆ ಹುಟ್ಟಲೇ ಇಲ್ಲ.

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಮರಿ ಕಿತ್ತೆ. ಮುಳ್ಳು ಚುಚ್ಚಿದ ಬೆರಳು ಇನ್ನೂ ಉರಿಯುತ್ತಿದೆ. ನಾಳೆ ಇಡೀ ಭಾನುವಾರವಿದೆ. ಉಳಿದವನ್ನೂ ಕೀಳಬಹುದು. ಇಲ್ಲವೇ ಮೋಹನನನ್ನು ಕರೆದು ತೋರಿಸಬಹುದು. ಬೆಳಗ್ಗೆ ಎದ್ದು ಯಾವುದನ್ನು ಮಾಡುತ್ತೇನೋ, ನನ್ನ ಮೇಲೆ ನನಗೇ ಅನುಮಾನ.