ಲಾಡ್ಜಿನವನಿಗೆ ಒಳಪೇಟೆಯಿಂದ

ಒಳಪೇಟೆ, ತಂಪುಗಂಡಿಯ ಓಣಿ
ಬಾಗಿಲು ಮುಚ್ಚಿದ ಇನ್ನೂರ ಹನ್ನೊಂದನೆಯ ವರ್ಷ, ಒಣಮಾಸದ ಮೂರನೆಯ ದಿನ

ಲಾಡ್ಜಿನವನ ಕಥೆ ಬರೆದವರಿಗೆ, ಅವರು ಸಿಗದೆ ಹೋದರೆ ಅದನ್ನು ಓದಿದ ಯಾರಿಗಾದರೂ, ಮುನಿಗಂಗಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನಮಗಿರುವುದು ಎರಡೇ ಮಾಸ. ಬಂಡೆ ಬೆವರಿದರೆ ತೇವಮಾಸ, ಬೆವರದಿದ್ದರೆ ಒಣಮಾಸ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಪುಸ್ತಕಗಳನ್ನು ಓದಿಯೇ ನಾನು ಬರೆಯಲು ಕಲಿತದ್ದು. ಆದರೆ ಅವುಗಳಲ್ಲಿ ಬರುವ ಜಟಕಾ, ಛತ್ರಿ, ಗುಬ್ಬಿ ಮುಂತಾದವುಗಳನ್ನು ನಾನು ಕಂಡವಳಲ್ಲ. ಸುಮ್ಮನೆ ಊಹೆಯಿಂದ ಓದಿಕೊಂಡು ಬಂದಿದ್ದೇನೆ. ಈ ಕಾಗದವನ್ನು ತಂಪುಗಂಡಿಯೊಳಗೆ ತಳ್ಳುತ್ತೇನೆ. ನಮ್ಮ ಉಸಿರಿನ ಗಾಳಿ ಬರುವ ದೊಡ್ಡ ಬಿಲ ಅದು. ಆ ಗಾಳಿ ಯಾವುದೋ ಹಿಂದಿನ ಕಾಲದಿಂದ ಹೊರಟು ಬರುತ್ತದೆ, ಅದಕ್ಕೆ ಎದುರು ಹೋದದ್ದು ಹಿಂದಕ್ಕೇ ತಲುಪುತ್ತದೆ ಎಂದು ನಮ್ಮ ಮುದುಕಿಯರು ಹೇಳುತ್ತಾರೆ. ಮುದುಕಿಯರು ಹೇಳುವುದೆಲ್ಲ ನಿಜವಲ್ಲ. ಆದರೆ ಬೇರೆ ಅಂಚೆ ನನಗೆ ಗೊತ್ತಿಲ್ಲ.

ಒಳಪೇಟೆ ಎಂದರೆ ನಿಮ್ಮ ಕಾಲದವರು ಚಿನ್ನವನ್ನೆಲ್ಲ ಬಗೆದು ತೆಗೆದು ಬಿಟ್ಟುಹೋದ ಗಣಿ, ಕೋಲಾರದ ಸೀಮೆಯದು. ಮೇಲೆ ಬಿಸಿಲು ಬದುಕಲು ಬಿಡದಂತೆ ಆದಾಗ ನಮ್ಮ ಮುತ್ತಜ್ಜನ ಮುತ್ತಜ್ಜಂದಿರು ಹೆಂಡತಿ ಮಕ್ಕಳನ್ನೂ ರಾಗಿಯ ಬೀಜವನ್ನೂ ಒಂದು ಟ್ರಂಕು ಪುಸ್ತಕವನ್ನೂ ಹೊತ್ತು ಇಲ್ಲಿಗೆ ಇಳಿದರು. ಈಗ ದೀಪದ ಕೆಳಗೆ ರಾಗಿ ಬೆಳೆಯುತ್ತೇವೆ, ಅದಕ್ಕೆ ದೀಪರಾಗಿ ಎನ್ನುತ್ತೇವೆ. ತೆನೆ ಸಣ್ಣದು, ಹಿಟ್ಟು ಬೆಳ್ಳಗೆ, ಆದರೂ ಮುದ್ದೆ ಗಟ್ಟಿಯಾಗಿ ಬರುತ್ತದೆ. ದೊಡ್ಡದೀಪ ಹತ್ತಿದರೆ ಬೆಳಗಾಯಿತು, ಆರಿದರೆ ರಾತ್ರಿಯಾಯಿತು. ರಾಗಿಸಾಲಿನಲ್ಲಿ ಕಳೆ ಕೀಳುವುದು ನನ್ನ ಕೆಲಸ. ಇಷ್ಟು ಆಳಕ್ಕೆ ಕಳೆಯನ್ನು ಯಾರು ಕರೆದರೋ ಕಾಣೆ, ಕರೆಯದೆ ಬಂದ ನೆಂಟರ ಹಾಗೆ ಅದೇ ಚೆನ್ನಾಗಿ ಬೆಳೆಯುತ್ತದೆ.

ಮೆಟ್ಟಿಲೆಲ್ಲ ಮುಗಿಯುವ ಕಡೆ ಮೇಲ್ಬಾಗಿಲಿದೆ, ಕಬ್ಬಿಣದ್ದು. ಅದನ್ನು ನೋಡಿಕೊಳ್ಳುವವರಿಗೆ ಬಾಗಿಲವರು ಎನ್ನುತ್ತೇವೆ. ಅವರು ಕೀಲುಗಳಿಗೆ ಎಣ್ಣೆ ಹಾಕುತ್ತಾರೆ. ಬಾಗಿಲು ಹಿಡಿದುಕೊಳ್ಳದಿರಲಿ ಎಂದು ವರ್ಷಕ್ಕೊಮ್ಮೆ ಗೇಣು ತೆರೆದು ಮುಚ್ಚುತ್ತಾರೆ. ಪೂರ್ತಿ ತೆರೆದರೆ ತೆರೆದವನೂ ಸಾಯುತ್ತಾನೆ, ಒಳಗೆ ನುಗ್ಗುವ ಕಾವಿಗೆ ಮೇಲಿನ ಓಣಿಯವರೂ ಸಾಯುತ್ತಾರೆ. ಆದರೆ ಯಾವತ್ತೋ ಒಂದು ದಿನ ಮೇಲೆ ತಂಪಾಗುತ್ತದೆ, ಆಗ ಬಾಗಿಲು ತೆರೆದು ಎಲ್ಲರೂ ಹೋಗುತ್ತೇವೆ ಎಂಬ ನಂಬಿಕೆಯ ಮೇಲೆ ನಮ್ಮ ಪೇಟೆ ನಿಂತಿದೆ. ಮಂಡಿ ನೋಯುವವಳಿಗೆ, ಮಕ್ಕಳಾಗದವಳಿಗೆ, ಅತ್ತೆಯ ಕಾಟ ತಡೆಯಲಾರದವಳಿಗೆ, ಕಾರಣವೇ ಇಲ್ಲದೆ ಎದೆ ಹಿಡಿದುಕೊಂಡಂತಾಗುವವನಿಗೆ ನಾವು ಹೇಳುವ ಸಮಾಧಾನ ಒಂದೇ: ಬಾಗಿಲು ತೆಗೆದಾಗ ಸರಿಹೋಗುತ್ತದೆ. ನಾನೂ ದಿನಕ್ಕೆ ನಾಲ್ಕಾರು ಸಲ ಹೇಳುತ್ತಿದ್ದೆ.

ಇನ್ನು ಪುಸ್ತಕಗಳ ವಿಷಯ. ಟ್ರಂಕಿನಲ್ಲಿರುವ ಪುಸ್ತಕಗಳನ್ನು ಹಿರಿಯರು ಎರಡು ಪಾಲು ಮಾಡಿದ್ದಾರೆ. ನಗು, ಮದುವೆ, ಹಬ್ಬ ಇರುವವು ಮೇಲಿನ ಪುಸ್ತಕಗಳು. ಉಸಿರು ಕಟ್ಟಿಸುವಂಥವು, ಬದುಕುವುದಾದರೂ ಯಾಕೆ ಎಂದು ಕೇಳುವಂಥವು ಒಳಗಿನ ಪುಸ್ತಕಗಳು. ಅವನ್ನು ಬರೆದವರೂ ನಮ್ಮ ಹಾಗೆ ಯಾವುದೋ ಗಣಿಯಲ್ಲಿ ಸಿಕ್ಕಿಬಿದ್ದವರು ಎಂದು ನಮ್ಮವರ ತೀರ್ಮಾನ. ಇಲ್ಲದಿದ್ದರೆ ಹಾಗೆಲ್ಲ ಯಾರು ಬರೆಯುತ್ತಾರೆ? ಅವುಗಳಲ್ಲಿ ಆಕಾಶ, ಬೀದಿ, ಸಂತೆ ಬಂದರೆ ಅದು ಪಾಪ ಆ ಮನುಷ್ಯ ಕಾಣುತ್ತಿರುವ ಕನಸು ಎಂದು ಓದಿಕೊಳ್ಳುತ್ತೇವೆ. ಚಿಕ್ಕವರಿದ್ದಾಗಿನಿಂದ ನಮಗೆ ಹಾಗೆಯೇ ಕಲಿಸಿದ್ದಾರೆ.

ಒಳಗಿನ ಪುಸ್ತಕ ಓದಿ ಮುಗಿಸಿದವರು ಎದೆ ಒಪ್ಪಿಸಬೇಕು. ಅಡಿಗೆಯ ಚೌಕದಲ್ಲಿ ಗೋಡೆಗೆ ಮುಖ ಮಾಡಿ ಕೂತು, ಓದುವಾಗ ಏನೇನಾಯಿತೋ ಎಲ್ಲ ಹೇಳಬೇಕು. ಭಯವಾದದ್ದು, ಸಿಟ್ಟು ಬಂದದ್ದು, ನಡುವೆ ತೂಕಡಿಸಿದ್ದು ಸಹ. ಬೆನ್ನ ಹಿಂದೆ ಕೂತು ಕೇಳುವವರು ಬುದ್ಧಿ ಹೇಳುವಂತಿಲ್ಲ. ಎಲ್ಲ ಮುಗಿದ ಮೇಲೆ ಅವರಲ್ಲಿ ಒಬ್ಬರು, “ನಮ್ದೂ ಅಷ್ಟೇಯ, ಮುದ್ದೆ ಮುರಿ” ಎನ್ನುತ್ತಾರೆ. ಅಷ್ಟು ಹೇಳುವವರೆಗೆ ಓದಿದವರು ಉಣ್ಣುವಂತಿಲ್ಲ. ಎಷ್ಟೋ ಸಲ ಸೊಪ್ಪು ಸೋಸುತ್ತಲೇ, ತಲೆ ಎತ್ತದೆ, ನಾನು ಆ ಮಾತು ಹೇಳಿ ಮುಗಿಸಿದ್ದುಂಟು.

ನನ್ನ ಗಂಡ ಕದಿರಪ್ಪ ಬಾಗಿಲವನು. ಗಂಡನನ್ನು ನಾನು ಅವನು ಎಂದೇ ಬರೆಯುತ್ತೇನೆ, ನಮ್ಮಲ್ಲಿ ಹಾಗೆ. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಮುದ್ದೆ ಮಾತ್ರ ಎರಡು ಬೇಕು. ಕಳೆದ ಮಾಸ ಅವನು ನಿಮ್ಮ ಪುಸ್ತಕ ತಂದ. ರಟ್ಟು ಹೋಗಿದೆ, ಹೆಸರು ಹೋಗಿದೆ. ನಾವು ಅದನ್ನು ಲಾಡ್ಜಿನವನ ಪುಸ್ತಕ ಎನ್ನುತ್ತೇವೆ. ಅವನು ಅದನ್ನು ಮುಗಿಸಿದ. ಎದೆ ಒಪ್ಪಿಸಲು ಚೌಕಕ್ಕೆ ಬರಲಿಲ್ಲ. ಉಣ್ಣಲೂ ಇಲ್ಲ. ಮಾರನೆಯ ದಿನ ಅವನ ಪಾಳಿ ಅಲ್ಲದಿದ್ದರೂ ಮೇಲೆ ಹತ್ತಿ, ಬಾಗಿಲಿನ ಕೆಳಗೆ ಹೋಗಿ ಕೂತುಬಿಟ್ಟ.

ಪೇಟೆಯಲ್ಲಿ ಗುಲ್ಲೆದ್ದಿತು. ಒಳಗಿನ ಪುಸ್ತಕ ಓದಿದವನು ಬಾಗಿಲಿನ ಹತ್ತಿರ ಕೂತರೆ ಜನ ಇನ್ನೇನು ತಿಳಿಯಬೇಕು? ಬಾಗಿಲ ಯಜಮಾನ ವೆಂಕಟರವಣಪ್ಪ ನನಗೆ ಸೋದರಮಾವನಾಗಬೇಕು. ಕದಿರಪ್ಪನ ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು ಬಂದು ನನ್ನನ್ನು ಸಾಲಿನಿಂದ ಹೊರಗೆ ಕರೆದ. “ನಿನ್ ಗಂಡ ಬಾಗ್ಲು ತೆಗೀತಾನೆ ಕಣಮ್ಮ. ನಾಳೆ ದೀಪ ಆರೋದ್ರೊಳಗೆ ಅವ್ನು ಕೆಳಕ್ಕೆ ಬರ್ಲಿಲ್ಲ ಅಂದ್ರೆ ತಳಕ್ಕೆ ಕಳಿಸ್ಬೇಕಾಗ್ತದೆ. ನನ್ ಕೈಲಿಲ್ಲ ಇದು,” ಎಂದ. ತಳ ಎಂದರೆ ಎಲ್ಲಕ್ಕಿಂತ ಕೆಳಗಿನ ಓಣಿ. ಊಟವನ್ನು ಹಗ್ಗದಲ್ಲಿ ಇಳಿಬಿಡುತ್ತಾರೆ. ಮೆಟ್ಟಿಲಿಲ್ಲ. ಅಲ್ಲಿಗೆ ಹೋದವರನ್ನು ಮತ್ತೆ ಕಂಡದ್ದಿಲ್ಲ.

ನಾನು ಮೇಲೆ ಹೋಗಿ ಕರೆದೆ, ಬೈದೆ, ಕೈ ಹಿಡಿದು ಎಳೆದೆ. ಅವನು ಬಾಗಿಲನ್ನೇ ನೋಡುತ್ತ ಕೂತಿದ್ದ. ಇವನಿಗೆ ಏನಾಯಿತೆಂದು ತಿಳಿಯಬೇಕಾದರೆ ಆ ಪುಸ್ತಕವನ್ನೇ ಓದಬೇಕು ಎನ್ನಿಸಿತು. ಕೆಲಸ ಬಿಟ್ಟು ರಾಗಿಸಾಲಿನ ದೀಪದ ಕೆಳಗೆ ಕೂತು ಓದಿದೆ.

ನಿಮ್ಮ ಕಥೆ ನಿಮಗೆ ಗೊತ್ತು. ಆದರೂ ಇಷ್ಟು ಕಾಲ ಕಳೆದು ನಮ್ಮ ಕೈಗೆ ಬಂದದ್ದು ಅದೇ ಹೌದೋ ಅಲ್ಲವೋ ನೋಡಿಕೊಳ್ಳಿ. ಒಬ್ಬ ಮನುಷ್ಯ ಯಾವುದೋ ಕೆಲಸಕ್ಕೆಂದು ಊರೊಂದಕ್ಕೆ ಬರುತ್ತಾನೆ. ಒಂದು ರಾತ್ರಿಗೆಂದು ಲಾಡ್ಜಿನಲ್ಲಿ ರೂಮು ಹಿಡಿಯುತ್ತಾನೆ. ಬೆಳಗ್ಗೆ ಎದ್ದರೆ ಬಂದ ಕೆಲಸ ಏನೆಂಬುದೇ ಮರೆತುಹೋಗಿರುತ್ತದೆ. ದಿನವೂ ಬಸ್‌ಸ್ಟ್ಯಾಂಡಿಗೆ ಹೋಗುತ್ತಾನೆ. ಬಸ್ಸು ನಿಂತಿರುತ್ತದೆ, ಕಿಟಕಿಯ ಪಕ್ಕ ಸೀಟು ಖಾಲಿ ಇರುತ್ತದೆ. ಹತ್ತುವುದಿಲ್ಲ. ಎದೆ ಬಿಗಿದುಕೊಂಡು ರೂಮಿಗೆ ವಾಪಸು ಬರುತ್ತಾನೆ. ಕೊನೆಗೆ ಅವನು ಮೆಟ್ಟಿಲ ಮೇಲೆ ಕೂತಿರುವಾಗ ಲಾಡ್ಜಿನ ಮ್ಯಾನೇಜರನಿಗೇ ಅವನ ಗುರುತು ಸಿಗುವುದಿಲ್ಲ. ರೂಮು ಬೇಕೇ ಎಂದು ಕೇಳುತ್ತಾನೆ. ಹೌದು, ಒಂದು ರಾತ್ರಿಗೆ ಎನ್ನುತ್ತಾನೆ ಇವನು. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನನಗೆ ಮೊದಲು ಬಂದದ್ದು ಸಿಟ್ಟು. ಕನಸಾದರೇನು, ಕನಸಿನಲ್ಲಾದರೂ ಬಸ್ಸು ಹತ್ತಬಾರದೇ? ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎಂದುಕೊಂಡು ಪುಸ್ತಕ ಮುಚ್ಚಿದೆ. ಗಂಡನ ನೆನಪಾಗಿ ಮತ್ತೆ ತೆರೆದೆ. ಬಕೆಟ್ಟಿಗೂ ಬಾಡಿಗೆ ಕೇಳುವ ಮ್ಯಾನೇಜರನ ಜಿಪುಣತನಕ್ಕೆ ನಗು ಬಂತು, ಒಬ್ಬಳೇ ನಕ್ಕೆ. ಆಮೇಲೆ ಆ ಮಾವಿನಹಣ್ಣು. ಲಾಡ್ಜಿನವನು ಒಂದು ಹಣ್ಣು ಕೊಂಡು ಕಿಟಕಿಯಲ್ಲಿಟ್ಟು, ನಾಳೆ ತಿನ್ನೋಣ ನಾಳೆ ತಿನ್ನೋಣ ಎನ್ನುತ್ತ ಕೊಳೆಯಲು ಬಿಡುತ್ತಾನಲ್ಲ, ಅಲ್ಲಿ ನಾನು ಅತ್ತೆ. ಅವನಿಗಾಗಿ ಅಲ್ಲ, ಹಣ್ಣಿಗಾಗಿ. ನಾನು ಮಾವಿನಹಣ್ಣು ಕಂಡವಳಲ್ಲ. ಕೊನೆಯ ಸಲ ಅವನು ಬಸ್ಸಿನ ಮುಂದೆ ನಿಂತಾಗ, “ಹತ್ತಯ್ಯ, ಹತ್ತು” ಎಂದು ಬಾಯಿಬಿಟ್ಟೇ ಹೇಳಿಬಿಟ್ಟೆ. ಪಕ್ಕದ ಸಾಲಿನ ಹೆಂಗಸರು ತಿರುಗಿ ನೋಡಿದರು. ಅವನು ಹತ್ತಲಿಲ್ಲ. ನೋಡಿಕೊಂಡರೆ ನನ್ನ ಕೈ ನನ್ನ ಎದೆಯ ಮೇಲಿತ್ತು. ಮದುವೆಯಾದ ಹೊಸದರಲ್ಲಿ, ಆಮೇಲೆ ಮಗು ಹೋದಾಗ, ಆಮೇಲೆ ಏನೂ ಆಗದ ಎಷ್ಟೋ ದಿನಗಳಲ್ಲಿ, ನನಗೂ ಎದೆ ಹಾಗೆಯೇ ಬಿಗಿದಿದೆ. ಬಾಗಿಲು ತೆಗೆದಾಗ ಸರಿಹೋಗುತ್ತದೆ ಎಂದುಕೊಂಡು ಎದ್ದು ಕೆಲಸಕ್ಕೆ ಹೋಗಿದ್ದೇನೆ.

ಆದರೆ ಇಷ್ಟಕ್ಕೇ ನನ್ನ ಗಂಡ ಊಟ ಬಿಟ್ಟು ಕೂರುವವನಲ್ಲ. ಮಾರನೆಯ ದಿನ, ವೆಂಕಟರವಣಪ್ಪ ಕೊಟ್ಟ ಗಡುವು ಮುಗಿಯುವ ಮೊದಲು, ಮತ್ತೆ ಮೇಲೆ ಹತ್ತಿದೆ. ಈ ಸಲ ಕರೆಯಲಿಲ್ಲ. ಅವನ ಪಕ್ಕ ಕೂತು, ಬಾಗಿಲಿಗೇ ಮುಖ ಮಾಡಿ, ನನ್ನ ಎದೆಯನ್ನು ಒಪ್ಪಿಸಿದೆ. ಸಿಟ್ಟು, ನಗು, ಮಾವಿನಹಣ್ಣು, ಬಸ್ಸು, ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಮಾತಾಡಿದ.

“ಅದು ಕನಸಲ್ಲ ಕಣೆ ಗಂಗಿ. ಅವ್ನು ಮೆಟ್ಲಿಳ್ದು ಬೀದಿಗೆ ಬಂದಾಗೆಲ್ಲ ಕಣ್ಗೆ ಕೈ ಅಡ್ಡ ಇಟ್ಕೊಂತಾನೆ. ಕಿಟ್ಕಿ ಸರಳು ಮುಟ್ಟಿ ಕೈ ಸುಟ್ಕೊಂತಾನೆ. ನಾನು ಬಾಗ್ಲು ಗೇಣು ತೆಗೆದಾಗ ಬೆಳ್ಕು ಕಂಡೋನು. ಕನಸ್ನಾಗೆ ಕಣ್ಣು ಕುಕ್ಕಲ್ಲ, ಕೈ ಸುಡಲ್ಲ. ಅವ್ನು ಆಚೆ ಇದ್ದೋನು. ಆಕಾಸದ ಕೆಳ್ಗೇ ನಿಂತಿದ್ದ, ಆದ್ರೂ ಅವನ್ಗೆ ನಮ್ ಥರಾನೇ ಬಿಗೀತಿತ್ತು.”

ವೆಂಕಟರವಣಪ್ಪ ಬೀಗದ ಕೈ ಕಿತ್ತುಕೊಂಡು ಹೋಗಿದ್ದು ನೆನಪಾಗಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇವನು ಬಾಗಿಲು ತೆರೆಯಲು ಕೂತವನಲ್ಲ. ಅದನ್ನು ತೆರೆಯುವ ಆಸೆಯೇ ಬತ್ತಿಹೋಗಿ, ಏಳಲಾಗದೆ ಕೂತವನು. ಇಷ್ಟು ವರ್ಷ ಎಣ್ಣೆ ಹಾಕಿ ಉಜ್ಜಿದ ಬಾಗಿಲು ಅವನ ಕಣ್ಣಿಗೆ ಇನ್ನೊಂದು ಬಂಡೆಯಾಗಿತ್ತು. ಅವನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣಿಗೂ ಹಾಗೆಯೇ ಆಯಿತು. ಅಲ್ಲಿಯವರೆಗೆ ಗೋಡೆಗಳು ಮೂರೇ ಇದ್ದವು, ನಾಲ್ಕನೆಯದನ್ನು ಆಗ ಕಟ್ಟಿದಂತಾಯಿತು.

ಎದೆ ಒಪ್ಪಿಸಿದವರಿಗೆ ಉತ್ತರ ಹೇಳುವವರ ಎದೆಯಲ್ಲಿ ಅದೇ ಪುಸ್ತಕ ಇರಬಾರದು, ಇದು ಕಟ್ಟಳೆ. ಭಾರ ಹೊತ್ತವರು ಇನ್ನೊಬ್ಬರ ಭಾರ ಇಳಿಸಲಾರರು ಎಂದು. ಅಲ್ಲಿ ನಾವಿಬ್ಬರೇ ಇದ್ದೆವು, ಇಬ್ಬರೂ ಹೊತ್ತವರೇ. ಕಟ್ಟಳೆ ಮುರಿದು ಹೇಳಿದೆ: “ನಮ್ದೂ ಅಷ್ಟೇಯ.” ಸೊಪ್ಪು ಸೋಸುತ್ತ ಹೇಳಿದ ಮಾತಲ್ಲ ಇದು, ನಿಜವಾಗಿ ಹೇಳಿದ್ದು. ಮುದ್ದೆ ಮುರಿ ಎನ್ನಲು ಬಾಯಿ ಬರಲಿಲ್ಲ. ಅವನು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ನನ್ನ ಭುಜ ಹಿಡಿದು ಎದ್ದ. ದೀಪ ಆರುವ ಮೊದಲು ಇಬ್ಬರೂ ಇಳಿದು ಬಂದೆವು.

ಚೌಕದಲ್ಲಿ ಅವನು ಎದೆ ಒಪ್ಪಿಸಿದ. ಭಯವಾಯಿತು ಎಂದ, ಬಸ್ಸಿನ ಕನಸು ಕಂಡವನ ಮೇಲೆ ಕನಿಕರ ಬಂತು ಎಂದ. ಕನಸು ಎಂದೇ ಹೇಳಿದ. ಅವನ ಬೆನ್ನು ನೋಡುತ್ತ ಕೂತ ನಾನೂ ಸುಮ್ಮನಿದ್ದೆ. ನನ್ನ ಸರದಿ ಬಂದಾಗ ಮಾವಿನಹಣ್ಣಿನವರೆಗೆ ಹೇಳಿ ನಿಲ್ಲಿಸಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವನನ್ನು ತಳಕ್ಕೆ ಕಳಿಸಲಿಲ್ಲ, ಬಾಗಿಲಿನ ಕೆಲಸದಿಂದ ಬಿಡಿಸಿ ನನ್ನ ಸಾಲಿಗೆ ಕಳೆ ಕೀಳಲು ಹಾಕಿದರು. ರಾಗಿಯ ಪೈರನ್ನೂ ಸೇರಿಸಿ ಕೀಳುತ್ತಾನೆ, ಬೈಸಿಕೊಳ್ಳುತ್ತಾನೆ. ಎರಡು ಮುದ್ದೆ ಉಣ್ಣುವುದು ಹೋಗಿ ಒಂದಕ್ಕೆ ಬಂದಿದ್ದಾನೆ. ಬದುಕಿದ್ದಾನೆ, ಪಕ್ಕದಲ್ಲಿದ್ದಾನೆ. ನನಗೆ ಅಷ್ಟು ಸಾಕು ಎಂದು ಬರೆಯಬೇಕೆಂದಿದ್ದೆ. ಸಾಕಾಗಿಲ್ಲ.

ನಿನ್ನೆ ಪಕ್ಕದ ಸಾಲಿನ ಪಾಪಕ್ಕ ಮಂಡಿ ಹಿಡಿದುಕೊಂಡು ಕೂತಳು. ನಾನು ಹೇಳುವ ಮಾತಿಗಾಗಿ ಕಾದಳು. ಬಾಗಿಲು, ಎಂದೆ. ಮುಂದಕ್ಕೆ ನಾಲಿಗೆ ಏಳಲಿಲ್ಲ. ಕೊನೆಗೆ ಅವಳೇ, “ತೆಗ್ದಾಗ ಸರಿಹೋಗ್ತದೆ ಬಿಡು” ಎಂದು ನನಗೇ ಸಮಾಧಾನ ಹೇಳಿ ಎದ್ದು ಹೋದಳು. ನನಗೆ ಗೊತ್ತಿರುವುದನ್ನು ಇವರಿಗೆ ಹೇಳಿದರೆ ಪೇಟೆಯ ಅಷ್ಟೂ ಜನ ಬಾಗಿಲಿನ ಕೆಳಗೆ ಹೋಗಿ ಕೂರುತ್ತಾರೆ. ಹೇಳದಿದ್ದರೆ ನನ್ನ ಎದೆ ಒಪ್ಪಿಸಿದಂತಾಗುವುದಿಲ್ಲ. ಗಂಡನಿಗೆ ಮತ್ತೆ ಹೇಳುವಂತಿಲ್ಲ, ಅವನದು ಅವನಿಗೇ ಹೊರಲಾರದಷ್ಟಿದೆ. ಯಾವ ಕಡೆಗೂ ಮಿಸುಕುವಂತಿಲ್ಲ. ಅದಕ್ಕೇ ನಿಮಗೆ ಒಪ್ಪಿಸುತ್ತಿದ್ದೇನೆ. ಈ ಕಾಗದ ಅಷ್ಟೇ, ಬೇರೇನಲ್ಲ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನೀವು ಆಕಾಶದ ಕೆಳಗಿರುವವರು. ಬೆಳಗ್ಗೆ ಎದ್ದು ಬಾಗಿಲು ತೆರೆದು ಬೀದಿಗೆ ಹೋಗುವವರು, ಬಸ್ಸು ಹತ್ತುವವರು, ಮಾವಿನಹಣ್ಣು ತಿನ್ನುವವರು. ನಿಮಗೂ ಲಾಡ್ಜಿನವನಿಗೆ ಆದಂತೆ ಆಗುತ್ತದೆಯೇ? ಇಲ್ಲ, ಅವನೊಬ್ಬನಿಗೆ ಹಾಗಾಗಿತ್ತು, ಆಚೆ ಬಂದರೆ ಎದೆ ಸಡಿಲವಾಗುತ್ತದೆ ಎಂದಾದರೆ ಹಾಗೆಂದು ಹೇಳಿ. ಓಡಿಹೋಗಿ ಕದಿರಪ್ಪನಿಗೆ ಅವನ ಬಾಗಿಲನ್ನು ವಾಪಸು ಕೊಡುತ್ತೇನೆ. ಆಗುತ್ತದೆ ಎಂದಾದರೆ ಅದನ್ನೇ ಹೇಳಿ. ಸುಳ್ಳು ಮಾತ್ರ ಬೇಡ.

ನಾನು ತಂಪುಗಂಡಿಯ ಗೋಡೆಗೆ ಮುಖ ಮಾಡಿ ಕೂತಿದ್ದೇನೆ. ಹೇಳುವುದೆಲ್ಲ ಹೇಳಿ ಮುಗಿಸಿದೆ. ಪಕ್ಕದಲ್ಲಿ ತಟ್ಟೆ ಇದೆ, ಮುದ್ದೆ ಆರುತ್ತಿದೆ. ಯಾವ ಮಾತು ಹೇಳಬೇಕೆಂದು ನಿಮಗೆ ಈಗ ಗೊತ್ತು. ನೀವು ಹೇಳುವವರೆಗೆ ನಾನು ಉಣ್ಣುವಂತಿಲ್ಲ.